ದಿಗ್ಬಂಧನದ ಕಾಲದಲ್ಲಿ ಲಸಿಕೆಯ ದಾರಿ ತೋರಿದ ಹಾಫ್‌ಕಿನ್

ಗುರುಮಠಕಲ್: 2020ರ ಬೇಸಿಗೆಯಲ್ಲಿ ಮುಂಬೈ, ಪುಣೆಗೆ ಗುಳೆ ಹೋಗಿದ್ದ ಯಾದಗಿರಿ ಜಿಲ್ಲೆಯ ಕೂಲಿಕಾರರು ಮರಳಿದಾಗ, ಮನೆ ಸೇರುವ ಮುನ್ನ ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಆಗಬೇಕಾಯಿತು. ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೋವಿಡ್ ನಿರ್ಬಂಧಗಳಿಗೆ ಆಧಾರವಾಗಿ ಬಳಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು. ಆ ಕಾಯ್ದೆಗೆ ಕಾರಣವಾದ ಪ್ಲೇಗ್ ಮಾರಿಯ ಕಾಲದಲ್ಲೇ ಬೇರೊಂದು ದಾರಿ ಹಿಡಿದವರು ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಇಂದಿನ ಉಕ್ರೇನ್‌ನ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಅವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ಸೇರಿದ್ದು ಗ್ರಂಥಾಲಯದ ಸಹಾಯಕರಾಗಿ. 1892ರಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ ಮೊದಲು ತಮ್ಮ ಮೇಲೇ ಪ್ರಯೋಗಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದು, ಒಪ್ಪಿ ಮುಂದೆ ಬಂದವರಿಗೆ ಲಸಿಕೆ ಹಾಕುತ್ತ ಸಾಗಿದರು.

1896ರಲ್ಲಿ ಮುಂಬೈಗೆ ಪ್ಲೇಗ್ ಕಾಲಿಟ್ಟಿತು. 1897ರ ಜನವರಿ 10ರಂದು ಹಾಫ್‌ಕಿನ್ ಹೊಸ ಪ್ಲೇಗ್ ಲಸಿಕೆಯನ್ನೂ ತಮಗೇ ಚುಚ್ಚಿಸಿಕೊಂಡರು. ಮರುತಿಂಗಳು ಕಾಯ್ದೆ ಜಾರಿಗೆ ಬಂತು. ಪುಣೆಯಲ್ಲಿ ಸೈನಿಕರು ಮನೆಮನೆ ಶೋಧಿಸಿ, ರೋಗಿಗಳನ್ನೂ ಅವರ ಬಂಧುಗಳನ್ನೂ ಶಿಬಿರಗಳಿಗೆ ಸಾಗಿಸಿದರು. ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದರು. ಅತ್ತ ಮುಂಬೈಯಲ್ಲಿ ಆಗಾ ಖಾನ್ ಬಹಿರಂಗವಾಗಿ ಲಸಿಕೆ ಪಡೆದು ತಮ್ಮ ಸಮುದಾಯದ ಅಂಜಿಕೆ ನೀಗಿಸಿದರು.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಉಲ್ಬಣಿಸಿದಾಗ ವೈದ್ಯಾಧಿಕಾರಿ ಲ್ಯೂಮನ್ ನೇತೃತ್ವದಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಲಾಯಿತು. ಆದರೂ ಒತ್ತಡವೇ ಇರಲಿಲ್ಲ ಎನ್ನಲಾಗದು. ಮುಂಬೈ ಪ್ರಾಂತ್ಯದಲ್ಲಿ ಲಸಿಕೆ ಪಡೆದವರಿಗೆ ಪ್ರಮಾಣಪತ್ರ ನೀಡಿ ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡಲಾಗುತ್ತಿತ್ತು. ಲಸಿಕೆಯಿಂದ ಜ್ವರ ಬರುತ್ತಿತ್ತು, ರಕ್ಷಣೆಯೂ ಪೂರ್ಣವಾಗಿರಲಿಲ್ಲ. ಆದರೆ ಲಸಿಕೆ ಪಡೆದವರಲ್ಲಿ ಸಾವು ಗಣನೀಯವಾಗಿ ಕಡಿಮೆಯಿತ್ತು.

ಇಲಿಯ ಚಿಗಟದಿಂದ ಪ್ಲೇಗ್ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂ ಅದೇ ವರ್ಷ ತೋರಿಸಿಕೊಟ್ಟರು. ಆರೋಗ್ಯವಂತ ಬಂಧುಗಳನ್ನು ಕೂಡಿಹಾಕಿದ ಕ್ರಮದಿಂದ ಸಿಕ್ಕ ಫಲ ಅಲ್ಪ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ಜನರ ರೂಢಿಯೇ ಅವರನ್ನು ಇಲಿಗಳಿಂದ ದೂರವಿಟ್ಟಿತ್ತು. ಉಸಿರಿನಿಂದ ಹರಡುವ ಕೋವಿಡ್‌ಗೆ ಈ ಲೆಕ್ಕ ಹಾಗೆಯೇ ಅನ್ವಯಿಸದು. ಅಲ್ಲಿ ಜನಸಂದಣಿ ತಡೆಯುವುದಕ್ಕೆ ಅರ್ಥವಿತ್ತು.

ಸಮ್ಮತಿಯ ದಾರಿ ನಿಂತಿರುವುದು ನಂಬಿಕೆಯ ಮೇಲೆ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಹೊಣೆ ಹಾಫ್‌ಕಿನ್ ಮೇಲೆ ಬಿತ್ತು, ಅಧಿಕಾರ ಕೈತಪ್ಪಿತು. ಗ್ರಾಮದಲ್ಲಿ ಬಾಟಲಿ ತೆರೆಯುವಾಗ ಸೋಂಕು ತಗುಲಿರಬಹುದೆಂಬ ಸಾಕ್ಷ್ಯ ಮುಂದೆ ಬಂದು, ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ದನಿಯೆತ್ತಿದ ಮೇಲೆ 1907ರಲ್ಲಿ ಅವರು ದೋಷಮುಕ್ತರಾದರು. ಅಷ್ಟರಲ್ಲಿ ಪಂಜಾಬಿನ ಲಸಿಕಾ ಕಾರ್ಯ ಪೆಟ್ಟು ತಿಂದಿತ್ತು.

1925ರಲ್ಲಿ ಮುಂಬೈನ ಪರೇಲ್‌ನಲ್ಲಿರುವ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿ ಹಾಫ್‌ಕಿನ್ ನಿಧನರಾದರು.

ರೋಗ ಹರಡುವ ಬಗೆ ತಿಳಿಯದೆ ಹೇರಿದ ನಿರ್ಬಂಧ ಜನರನ್ನು ಸರ್ಕಾರದಿಂದ ದೂರ ತಳ್ಳಿತು. ಕಾಯ್ದೆಯಿಲ್ಲದೆ ಬಂದ ಲಸಿಕೆಯೂ ಒಂದು ಅವಘಡಕ್ಕೆ ನಲುಗಿತು. ಮುಂದಿನ ಸಾಂಕ್ರಾಮಿಕ ಎದುರಾದಾಗ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಅಳೆಯುವವರು ಈ ಎರಡನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ.