ಉಪ್ಪು-ಸಕ್ಕರೆ ನೀರು ಮತ್ತು ಡಾ. ಶಂಭುನಾಥ್ ಡೇ

ಹೋದ ಮಳೆಗಾಲದಲ್ಲಿ ಘೋಡಗೇರಿಯ ನಮ್ಮ ಮನೆಯಲ್ಲಿ ತಮ್ಮನಿಗೆ ವಾಂತಿ-ಭೇದಿ ಆಯಿತು. ಅವನ ಕಣ್ಣು ಗುಳಿ ಬಿದ್ದಿದ್ದವು. ಅಮ್ಮಿ ಅಳುತ್ತಾ ಕುಳಿತಿದ್ದರು. ಆಶಾ ಕಾರ್ಯಕರ್ತೆ ಬಂದು ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ನೀರಿಗೆ ಕಲಸಿ, ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿದರು. ಸಂಜೆಗೆ ತಮ್ಮ ಎದ್ದು ಕುಳಿತ. ಬರೀ ನೀರು ಮಾಡದ ಕೆಲಸವನ್ನು ಉಪ್ಪು-ಸಕ್ಕರೆ ನೀರು ಹೇಗೆ ಮಾಡಿತು? ನಾನು ಕಾಮರ್ಸ್ ಓದುವವನು. ವಿಜ್ಞಾನ ವಿಭಾಗದ ಗೆಳೆಯರನ್ನು ಕೇಳುತ್ತಾ, ಓದುತ್ತಾ ಹೋದಾಗ ಡಾ. ಶಂಭುನಾಥ್ ಡೇ ಅವರ ಹೆಸರು ಸಿಕ್ಕಿತು.

ಡೇ 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದರು. ಮನೆಯಲ್ಲಿ ಅನುಕೂಲವಿರಲಿಲ್ಲ. ಅವರು ಓದಿದ್ದು ಹೂಗ್ಲಿ ಮೊಹ್ಸಿನ್ ಕಾಲೇಜಿನಲ್ಲಿ. ಹಾಜಿ ಮುಹಮ್ಮದ್ ಮೊಹ್ಸಿನ್ ಅವರು 1806ರಲ್ಲಿ ವಕ್ಫ್ ಮಾಡಿದ ಆಸ್ತಿಯ ಹಣದಿಂದ 1836ರಲ್ಲಿ ಶುರುವಾದ ಕಾಲೇಜು ಅದು. ಅಲ್ಲಿಂದ ವಿದ್ಯಾರ್ಥಿವೇತನದ ನೆರವಿನಿಂದ ಕಲ್ಕತ್ತಾ ಮೆಡಿಕಲ್ ಕಾಲೇಜು ಸೇರಿ 1939ರಲ್ಲಿ ವೈದ್ಯರಾದರು. 1949ರಲ್ಲಿ ಲಂಡನ್‌ನಲ್ಲಿ ಪಿಎಚ್.ಡಿ. ಪಡೆದು ಊರಿಗೆ ಮರಳಿದರು.

ಕಾಲರಾದ ರೋಗಾಣುವನ್ನು ರಾಬರ್ಟ್ ಕಾಕ್ 1884ರಲ್ಲೇ ಗುರುತಿಸಿದ್ದರು. ಆದರೆ ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ತಿಳಿದಿರಲಿಲ್ಲ. ಡೇ ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ರೋಗಾಣುಗಳನ್ನೆಲ್ಲ ತೆಗೆದು, ಬರೀ ದ್ರವವನ್ನು ಮೊಲದ ಕರುಳಿನ ಕಟ್ಟಿದ ತುಂಡಿಗೆ ಹಾಕಿದರು. ಕರುಳು ನೀರು ತುಂಬಿ ಉಬ್ಬಿತು. ಅಂದರೆ ಕೆಲಸ ಮಾಡುವುದು ರೋಗಾಣು ಬಿಡುವ ವಿಷ. ಈ ಶೋಧ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಮುಂದಿನ ಸಂಶೋಧಕರು ಉಳಿದದ್ದನ್ನು ಬಿಡಿಸಿದರು. ಜೀವಕೋಶದ ಪೊರೆಯಲ್ಲಿ ಬೇರೆ ಬೇರೆ ವಸ್ತುಗಳಿಗೆ ಬೇರೆ ಬೇರೆ ಬಾಗಿಲುಗಳಿವೆ. ಕಾಲರಾ ವಿಷ ಕ್ಲೋರೈಡ್ ಹೊರಹೋಗುವ ಬಾಗಿಲನ್ನು ತೆರೆದೇ ಇಡುತ್ತದೆ. ಅದರ ಹಿಂದೆ ಸೋಡಿಯಂ, ನೀರು ಎಲ್ಲವೂ ಹರಿದುಹೋಗುತ್ತವೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಬರುವ ಇನ್ನೊಂದು ಬಾಗಿಲು ಕೆಡುವುದಿಲ್ಲ. ಅವು ಒಳಬಂದರೆ ನೀರೂ ಒಳಬರುತ್ತದೆ. ಓಆರ್‌ಎಸ್‌ನಲ್ಲಿ ಎರಡೂ ಇರುವುದು ಅದಕ್ಕೇ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಇದೇ ನೀರಿನಿಂದ ಸಾವಿರಾರು ಜನರನ್ನು ಉಳಿಸಿದರು.

ಡೇ 1973ರಲ್ಲಿ ನಿವೃತ್ತರಾದರು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರೂ ಬಹುಮಾನ ಬರಲಿಲ್ಲ. ನಮ್ಮ ದೇಶದಲ್ಲೂ ದೊಡ್ಡ ಗೌರವ ಸಿಗದೆ 1985ರಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದಿತು.

ಹಾಜಿ ಮೊಹ್ಸಿನ್ ಅವರಿಗೆ ಡೇ ಯಾರೆಂದು ಗೊತ್ತಿರಲಿಲ್ಲ. ಡೇ ಅವರಿಗೆ ನನ್ನ ತಮ್ಮ ಯಾರೆಂದು ಗೊತ್ತಿರಲಿಲ್ಲ. ಸದಖಾ ಜಾರಿಯಾ ಎಂದರೆ ಏನೆಂದು ನನಗೆ ಈಗ ಅರ್ಥವಾಗಿದೆ. ನಮ್ಮ ಮನೆಯ ಕಪಾಟಿನಲ್ಲಿ ಈಗ ಯಾವಾಗಲೂ ಎರಡು ಓಆರ್‌ಎಸ್ ಪ್ಯಾಕೆಟ್ ಇರುತ್ತವೆ. ನಿಮ್ಮ ಮನೆಯಲ್ಲೂ ಇರಲಿ.