ಮಕ್ಕಳ ತೋಟಗಾರ ಫ್ರೋಬೆಲ್

ಶಿಶುವಿಹಾರವೆಂಬ ಮಾತು ಇಂದು ನಮ್ಮ ಊರೂರಿಗೂ ಪರಿಚಿತ. ಅದರ ಹಿಂದಿನ ಕಲ್ಪನೆಗೆ ಹೆಸರಿಟ್ಟು ರೂಪು ಕೊಟ್ಟವನು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳು ಅವನನ್ನು ಪರೀಕ್ಷೆಗೆಂದು ಓದಿ ಮರೆಯುವುದುಂಟು. ನನಗಾದರೋ ಅವನ ಸಿದ್ಧಾಂತಕ್ಕಿಂತ ಅವನ ಬಾಳೇ ಹೆಚ್ಚಿನದನ್ನು ಹೇಳುತ್ತದೆ. ಮಗುವಿನ ಹೃದಯವನ್ನು ಆಟದಿಂದಲೇ ಅರಳಿಸಬೇಕೆಂಬ ಹಂಬಲದ ಬೇರು ಅಲ್ಲಿದೆ.

1782ರ ಏಪ್ರಿಲ್ 21ರಂದು ತೂರಿಂಗಿಯಾದ ಒಂದು ಹಳ್ಳಿಯಲ್ಲಿ ಅವನ ಜನನ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಪಾದ್ರಿಯಾದ ತಂದೆಗೆ ಧರ್ಮಕಾರ್ಯದ ಹೊರೆ. ಮಲತಾಯಿಗೆ ತನ್ನದೇ ಮಗು ಹುಟ್ಟಿದ ಮೇಲೆ ಇವನು ಬೇಡವಾದನು. ಹತ್ತು ವರ್ಷದವನಾಗಿ ಸೋದರಮಾವನ ಮನೆ ಸೇರಿದಾಗಲೇ ಅವನು ಅಕ್ಕರೆಯ ಸವಿಯನ್ನು ಕಂಡದ್ದು. ಮುಂದೆ ಅರಣ್ಯಾಧಿಕಾರಿಯ ಬಳಿ ಕೆಲಸ ಕಲಿತು, ಹಲವು ವೃತ್ತಿಗಳಲ್ಲಿ ಅಲೆದು, 1805ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಉಪಾಧ್ಯಾಯನಾದನು. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲೋಜಿಯ ಬಳಿಯಿದ್ದು, ತಲೆ, ಹೃದಯ, ಕೈ ಮೂರೂ ಒಟ್ಟಿಗೆ ಬೆಳೆಯಬೇಕೆಂಬ ತತ್ತ್ವವನ್ನು ಮನಗಂಡನು.

1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವನು ಎಳೆಯರಿಗಾಗಿ ತೆರೆದ ಸಂಸ್ಥೆಗೆ 1840ರಲ್ಲಿ ದೊರೆತ ಹೆಸರು ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ. ಅಲ್ಲಿ ಮಗುವಿಗೆ ಸಲ್ಲುವ ಮೊದಲ ಕೊಡುಗೆ ದಾರ ಕಟ್ಟಿದ ಆರು ಬಣ್ಣದ ಮೆತ್ತನೆಯ ಉಣ್ಣೆಯ ಚೆಂಡುಗಳು. ತಾಯಿ ಚೆಂಡನ್ನು ಮರೆಮಾಡುವಳು, ಮತ್ತೆ ತೋರುವಳು. ಹೋದದ್ದು ಮರಳಿ ಬರುವುದೆಂಬ ನೆಚ್ಚಿಕೆಯೇ ಮಗುವಿನ ಮೊದಲ ಪಾಠ. ಆಮೇಲೆ ಮರದ ಗೋಲ, ಘನ, ಉರುಳೆ. ಬಳಿಕ ಎಂಟು ತುಂಡಾಗಿ ಬಿಡಿಸಿ ಮತ್ತೆ ಜೋಡಿಸಬಲ್ಲ ಘನ. ಕಾಗದ ಮಡಿಚುವುದು, ಹೆಣೆಯುವುದು, ಕೈ ಹಿಡಿದು ವರ್ತುಲವಾಗಿ ಹಾಡಿ ಕುಣಿಯುವುದು ಇವೆಲ್ಲ ಅಲ್ಲಿನ ವಿದ್ಯೆ. 1844ರಲ್ಲಿ ತಾಯಂದಿರಿಗಾಗಿ ಬೆರಳಾಟದ ಹಾಡುಗಳ ಪುಸ್ತಕವನ್ನೂ ಹೊರತಂದನು.

ತಾಯಿಯ ಮಡಿಲನ್ನರಿಯದ, ಸ್ವಂತ ಮಕ್ಕಳೂ ಇಲ್ಲದ ಈ ಮನುಷ್ಯ ಲೋಕದ ತಾಯಂದಿರಿಗೆ ಮಗುವನ್ನು ಆಡಿಸುವ ಬಗೆಯನ್ನು ಕಲಿಸಿದನಲ್ಲ! ತನಗೆ ಸಿಗದುದನ್ನೇ ಅವನು ಹಂಚಿದನೆಂದು ನನಗೆ ತೋರುತ್ತದೆ.

ಅವನ ಕೊನೆಗಾಲ ಸುಖದ್ದಲ್ಲ. ಸಮಾಜವಾದಿಯಾದ ಅಣ್ಣನ ಮಗನ ಬರಹವನ್ನು ಇವನದರೊಡನೆ ಗೊಂದಲಮಾಡಿಕೊಂಡು, 1851ರಲ್ಲಿ ಪ್ರಷ್ಯದ ಸರಕಾರ ಮಕ್ಕಳ ತೋಟಗಳನ್ನು ನಿಷೇಧಿಸಿತು. ಮರುವರ್ಷ ಜೂನ್ 21ರಂದು ಅವನು ಕಣ್ಮುಚ್ಚಿದನು. ನಿಷೇಧ ತೊಲಗಿದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಆ ಆಟಗಳನ್ನು ಪರದೇಶಗಳಿಗೆ ಒಯ್ದಿದ್ದರು.

ಅವನ ಸಮಾಧಿಯ ಮೇಲೆ ಕಲ್ಲಿನ ಘನ, ಉರುಳೆ, ಗೋಲಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿದ್ದಾರೆ. ನಮ್ಮ ಶಿಶುವಿಹಾರಗಳಲ್ಲಿಯೂ ಅಂಥ ಮರದ ತುಂಡುಗಳಿವೆ. ಅವುಗಳಿಂದ ಎಣಿಕೆಯನ್ನಷ್ಟೇ ಕಲಿಸಿ, ಎದುರಿನ ಮಗುವಿಗೆ ಅಕ್ಕರೆಯನ್ನು ಕೊಡಲು ಮರೆತರೆ, ಫ್ರೋಬೆಲನ ಕೊಡುಗೆಯಲ್ಲಿ ನಮಗೆ ದಕ್ಕಿದ್ದು ಮರ ಮಾತ್ರ.