ಕಣ್ಣಿಲ್ಲದ ಹುಡುಗರಿಗೆ ಮನೆಯಾದ ಗವಾಯಿಗಳು

ಗದಗಿನ ಪಂಚಾಕ್ಷರಿ ಗವಾಯಿಗಳ ಹೆಸರು ಕೇಳದ ಕನ್ನಡಿಗ ಸಿಗುವುದು ಕಷ್ಟ. ಗಾನಯೋಗಿ ಅಂತ ಅವರನ್ನು ಕರೆಯುತ್ತೇವೆ, ಪಟಕ್ಕೆ ಕೈ ಮುಗಿಯುತ್ತೇವೆ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಅವರ ಹಾಡಿನ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನಿಲ್ಲಿ ಬರೆಯಹೊರಟದ್ದು ಅವರು ಅಪ್ಪನಾದ ಬಗೆಯನ್ನು. ಮದುವೆಯಾಗದ, ಹುಟ್ಟುಗುರುಡರಾದ, ಸ್ವಂತಕ್ಕೆ ಒಂದು ಗುಡಿಸಲೂ ಇಲ್ಲದ ಮನುಷ್ಯ ಯಾರಿಗೂ ಬೇಡವಾದ ಹುಡುಗರನ್ನು ತನ್ನವರೆಂದು ಕರೆದುಕೊಂಡು ಸಾಕಿದ್ದು ಸಣ್ಣ ಮಾತಲ್ಲ.

ಅವರು ಹುಟ್ಟಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಈಗ ಅದು ಹಾವೇರಿ ಜಿಲ್ಲೆ. ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ, ತಮ್ಮನಿಗೂ ಇಲ್ಲ. ಬಡ ಜಂಗಮರ ಮನೆ. ಗದಿಗೆಯ್ಯ ಎಂಟು ವರ್ಷದವನಾಗುವಷ್ಟರಲ್ಲಿ ಆ ಸೀಮೆಯ ಮೇಲೆ ಎರಡು ದೊಡ್ಡ ಬರಗಾಲ ಹಾದುಹೋಗಿದ್ದವು, 1896-97ರದ್ದು ಒಂದು, 1899-1900ರದ್ದು ಇನ್ನೊಂದು. ಕಣ್ಣಿದ್ದವರಿಗೇ ತುತ್ತು ಅನ್ನಕ್ಕೆ ತತ್ವಾರ. ಇಬ್ಬರು ಕುರುಡು ಮಕ್ಕಳ ಗತಿ ಏನು?

ಆ ಕಾಲದ ಲೆಕ್ಕ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ನಮ್ಮ ಹಳೆಯ ಧರ್ಮಶಾಸ್ತ್ರದ ಪ್ರಕಾರ ಹುಟ್ಟುಗುರುಡನಿಗೆ ಅಪ್ಪನ ಆಸ್ತಿಯಲ್ಲಿ ಪಾಲೇ ಇಲ್ಲ; ಅನ್ನ ಬಟ್ಟೆ ಕೊಟ್ಟರೆ ಸಾಕು. ಇಂಗ್ಲಿಷರ ಕೋರ್ಟುಗಳೂ ಇದನ್ನೇ ಹಿಡಿದು ನಡೆದವು. ಇದು ಬದಲಾದದ್ದು 1928ರಲ್ಲಿ, ಒಂದು ಕಾಯಿದೆ ಬಂದ ಮೇಲೆ. ಅಂದರೆ ಗದಿಗೆಯ್ಯನಿಗೆ 36 ವರ್ಷ ತುಂಬುವವರೆಗೂ ಅವನಂಥವರು ಹುಟ್ಟಿದ ಮನೆಯಲ್ಲೇ ಪೂರ್ತಿ ಮಕ್ಕಳಲ್ಲ! ಇನ್ನು ಬೇರೆ ಮನೆಯವರು ದತ್ತು ತೆಗೆದುಕೊಳ್ಳುವ ಮಾತೆಲ್ಲಿ? ದತ್ತು ಅಂದರೆ ವಂಶ ಉಳಿಯಬೇಕು, ಹೊಲ ಮನೆ ನೋಡಿಕೊಳ್ಳಬೇಕು, ಸತ್ತರೆ ಕೊಳ್ಳಿ ಇಡಬೇಕು. ಅದಕ್ಕೆ ಅಣ್ಣತಮ್ಮಂದಿರ ಮಕ್ಕಳಲ್ಲಿ ಗಟ್ಟಿಮುಟ್ಟಾದವನನ್ನು ಆರಿಸುತ್ತಿದ್ದರು. ಮನೆಗೆ ಮಗು ಬೇಕು ಅನ್ನುವುದೇ ಹೊರತು ಮಗುವಿಗೆ ಮನೆ ಬೇಕು ಅನ್ನುವ ಕಡೆಯಿಂದ ಯಾರೂ ಯೋಚನೆ ಮಾಡುತ್ತಿರಲಿಲ್ಲ. ಕುರುಡ ಹುಡುಗನಿಗೆ ಉಳಿದದ್ದು ಗುಡಿಯ ಕಟ್ಟೆ, ಇಲ್ಲವೆ ಜಾತ್ರೆಯಲ್ಲಿ ಚಾಚಿದ ಕೈ. ಅಂಧರ ಶಾಲೆ ಅಂತ ಆಗ ಇರಲಿಲ್ಲ ಎಂದಲ್ಲ. ನಮ್ಮ ಮುಂಬಯಿಯಲ್ಲೇ ದಾದರದ ಶಾಲೆ 1900ರಲ್ಲಿ, ತಾರದೇವದ್ದು 1902ರಲ್ಲಿ ಶುರುವಾಯಿತು. ಆದರೆ ಹಾನಗಲ್ಲ ಸೀಮೆಯ ಬಡವರಿಗೆ ಮುಂಬಯಿಯೂ ಒಂದೇ, ಲಂಡನ್ನೂ ಒಂದೇ.

ಈ ಹುಡುಗರ ಪಾಲಿಗೆ ಬಂದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867-1930). ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಕಟ್ಟಿದವರು ಇವರೇ. ಹುಡುಗರಿಬ್ಬರ ಕಂಠ ಚೆನ್ನಾಗಿದೆ ಅಂತ ಗೊತ್ತಾದದ್ದೇ ಅವರನ್ನು ತಮ್ಮ ಕಡೆಗೆ ಕರೆಸಿಕೊಂಡರು. ತಂದೆತಾಯಿ ಇದ್ದ ಮಕ್ಕಳೇ, ಅನಾಥರಲ್ಲ. ಆದರೆ ಆ ಮನೆಯಲ್ಲಿ ಅವರಿಗೆ ಮುಂದಿನ ದಾರಿ ಇರಲಿಲ್ಲ. ನಮ್ಮ ಮಠಗಳಲ್ಲಿ ಹುಡುಗರನ್ನು ಮರಿಗಳಾಗಿ ತಂದು ಬೆಳೆಸುವ ಪದ್ಧತಿ ಹಿಂದಿನಿಂದ ಇದೆ. ಆದರೆ ಅದು ಮುಂದೆ ಪಟ್ಟಕ್ಕೆ ಬರತಕ್ಕವರಿಗೆ. ಪಟ್ಟಕ್ಕೆ ಬಾರದ ಕುರುಡರನ್ನು ತಂದು ಸ್ವಾಮಿಗಳು ಅವರ ಕಲಿಕೆಗೆ ವ್ಯವಸ್ಥೆ ಮಾಡಿದರು. ಅಣ್ಣ ಗುರುಬಸಯ್ಯ ಬಹಳ ದಿನ ಬದುಕಲಿಲ್ಲ. ತಮ್ಮ ಒಬ್ಬನೇ ಉಳಿದ.

ಅನ್ನ ಹಾಕಿ ಒಂದು ಮೂಲೆಯಲ್ಲಿ ಕೂಡಿಸಿದ್ದರೂ ಜನ ಸ್ವಾಮಿಗಳನ್ನು ಪುಣ್ಯವಂತರು ಅನ್ನುತ್ತಿದ್ದರು. ಅವರು ಅಷ್ಟಕ್ಕೇ ಬಿಡಲಿಲ್ಲ. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಹಿಂದುಸ್ತಾನಿಗೆ ನೀಲಕಂಠಬುವಾ ಮಿರಜಕರರು ಗುರುಗಳಾದರು. ಮಲ್ಲಿಕಾರ್ಜುನ ಮನ್ಸೂರರಿಗೂ ಗುರುಗಳಾಗಿದ್ದವರು ಅವರು. ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನರಿಂದಲೂ ಪಾಠವಾಯಿತು. ಲಿಂಗಾಯತ ಮಠದ ಹುಡುಗನಿಗೆ ಮುಸಲ್ಮಾನ ಉಸ್ತಾದ! ಎರಡೂ ಪದ್ಧತಿಗಳಲ್ಲಿ ಪಳಗಿದ ಗದಿಗೆಯ್ಯ ಪಂಚಾಕ್ಷರಿ ಗವಾಯಿಯಾದರು, ಉಭಯಗಾನ ವಿಶಾರದ ಎನ್ನಿಸಿಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಒಬ್ಬ ಕುರುಡ ಹುಡುಗ ಉದ್ಧಾರವಾದ ಕತೆ ಆಗುತ್ತಿತ್ತು. ಆ ಮಟ್ಟದ ವಿದ್ವತ್ತಿಗೆ ಯಾವುದಾದರೂ ಸಂಸ್ಥಾನದಲ್ಲಿ ಆಶ್ರಯ ಸಿಗುವುದು ಕಷ್ಟವಿರಲಿಲ್ಲ. ಗವಾಯಿಗಳು ಅತ್ತ ಹೋಗಲಿಲ್ಲ. ತನ್ನಂಥ ಹುಡುಗರಿಗೆ ತಾನೇ ಆಸರೆಯಾಗುತ್ತೇನೆ ಅಂತ ನಿಂತರು. ಕುರುಡರು, ಅಂಗವಿಕಲರು, ತಂದೆತಾಯಿ ಇಲ್ಲದವರು ಹೀಗೆ ಒಬ್ಬೊಬ್ಬರಾಗಿ ಬಂದು ಸೇರಿದರು. ಬಂದವರಲ್ಲಿ ತೊಟ್ಟಿಲ ಕೂಸುಗಳಿರಲಿಲ್ಲ. ಅಷ್ಟೊತ್ತಿಗೆ ನಾಲ್ಕು ಕಡೆ ಬೇಡವೆನ್ನಿಸಿಕೊಂಡು ಬಂದ, ಬುದ್ಧಿ ಬಲಿತ ಹುಡುಗರು. ಅಂಥವರನ್ನು ಸಾಕುವುದು ಸುಲಭ ಅಂತ ಯಾರೂ ತಿಳಿಯಬಾರದು.

ಈ ಕುಟುಂಬಕ್ಕೆ ಬಹುಕಾಲ ಒಂದು ಊರು ಅಂತಲೇ ಇರಲಿಲ್ಲ. ಅದೊಂದು ಸಂಚಾರಿ ಪಾಠಶಾಲೆ. ತಂಬೂರಿ, ತಬಲ, ಹಾರ್ಮೋನಿಯಂ ಹೊತ್ತುಕೊಂಡು ಊರಿಂದೂರಿಗೆ ಹೋಗೋದು. ಭಕ್ತರು ಇಟ್ಟಲ್ಲಿ ಊಟ, ಜಾಗ ಸಿಕ್ಕಲ್ಲಿ ಪಾಠ. ಜೋಳಿಗೆ ಹಿಡಿದರು, ಕೀರ್ತನೆ ಮಾಡಿದರು. ಅದೂ ಸಾಲದಾದಾಗ ನಾಟಕ ಕಂಪನಿ ಕಟ್ಟಿದರು. ಸಂಗೀತದ ಮಡಿವಂತರು ನಾಟಕವೆಂದರೆ ಮೂಗು ಮುರಿಯುವ ಕಾಲ. ಆದರೆ ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಾದಾಗ ಅಪ್ಪನಾದವನು ಕೆಲಸದಲ್ಲಿ ಮೇಲು ಕೀಳು ನೋಡುತ್ತಾನೆಯೆ?

ಕಲಿಸಿದ ಬಗೆಯನ್ನೂ ಹೇಳಬೇಕು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಲಿಪಿ ಒಪ್ಪಿತವಾದದ್ದು 1951ರಲ್ಲಿ. ಅದಕ್ಕಿಂತ ಮೊದಲಿನ ಈ ಹುಡುಗರಿಗೆ ಕಿವಿಯೇ ಪುಸ್ತಕ. ಗುರು ಹೇಳಿದ್ದನ್ನು ಬಾಯಿಪಾಠ ಮಾಡಬೇಕು, ತಪ್ಪಿದರೆ ಮತ್ತೆ ಹೇಳಬೇಕು. ಎಲ್ಲರಿಗೂ ಕಂಠ ಇರೋದಿಲ್ಲವಲ್ಲ. ಹಾಡಲಾರದವನಿಗೆ ತಬಲ, ಹಾರ್ಮೋನಿಯಂ, ಪಿಟೀಲು ಅಂತ ಕೈಗೆ ಒಂದು ವಿದ್ಯೆ. ಕಲಿತವನು ಹೊಸದಾಗಿ ಬಂದವನಿಗೆ ಹೇಳಿಕೊಡಬೇಕು. ಕನಿಕರದ ತುತ್ತು ಒಂದು ದಿನಕ್ಕೆ. ವಿದ್ಯೆ ಕೈಗೆ ಬಂದರೆ ಹುಡುಗ ನಾಲ್ಕು ಜನರ ನಡುವೆ ತಲೆಯೆತ್ತಿ ಕೂಡುತ್ತಾನೆ. ಇದು ಗವಾಯಿಗಳು ತಮ್ಮ ಮೈಮೇಲೇ ಕಂಡುಕೊಂಡ ಸತ್ಯ.

ಇಬ್ಬರು ಹುಡುಗರ ಮಾತು ಹೇಳುತ್ತೇನೆ. ಒಬ್ಬ, 1914ರಲ್ಲಿ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದವನು. ಹಸುಗೂಸಿದ್ದಾಗಲೇ ಕಣ್ಣು ಹೋದವು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯ. ಹುಡುಗ ಹಾರ್ಮೋನಿಯಂ ಮೇಲೆ ಕೈಯಾಡಿಸುವುದನ್ನು ಕಂಡ ಮಾವ ಅವನನ್ನು ಗವಾಯಿಗಳ ಮಡಿಲಿಗೆ ಹಾಕಿದರು. ಅವರೇ ಮುಂದೆ ಪುಟ್ಟರಾಜ ಗವಾಯಿಗಳಾದರು. ಇನ್ನೊಬ್ಬ ಯಲಿವಾಳದ ಬಸವರಾಜ. ಕಣ್ಣಿದ್ದವನೇ, ಆದರೆ 13ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವನು. ಅವನನ್ನೂ ಗವಾಯಿಗಳು ಕರೆದುಕೊಂಡರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ಆ ಹುಡುಗ ಹಾಡಿದ. ತಬಲಕ್ಕೆ ಯಾರು ಕೂತಿದ್ದರು ಗೊತ್ತೆ? ಸ್ವತಃ ಗುರುಗಳೇ! ಅಷ್ಟು ದೊಡ್ಡ ಸಭೆಯಲ್ಲಿ ತಾನು ಹಾಡದೆ ಶಿಷ್ಯನಿಗೆ ಸಾಥಿ ಕೊಡಬೇಕಾದರೆ ಬರೀ ಗುರುವಾದರೆ ಸಾಲದು, ಹೆತ್ತ ಕರುಳೇ ಇರಬೇಕು. ಆ ಹುಡುಗ ಬಸವರಾಜ ರಾಜಗುರು ಅಂತ ದೇಶಕ್ಕೆಲ್ಲ ಗೊತ್ತಾದ.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ದೊಡ್ಡ ಆಸರೆ ಹೋಯಿತು. ಆದರೂ ಗವಾಯಿಗಳು ಹುಡುಗರನ್ನು ಕೈಬಿಡಲಿಲ್ಲ. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟರು. ಅಲೆದಾಡಿದ ಸಂಸಾರಕ್ಕೆ ಒಂದು ಸೂರು ಆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಆ ಸೂರಿನ ಸುಖ ಅವರಿಗೆ ಬಹಳ ದಿನ ಇರಲಿಲ್ಲ. 1944ರ ಜೂನ್ 11ರಂದು ತೀರಿಕೊಂಡರು. ಆಗ ಅವರಿಗೆ 52 ವರ್ಷ.

ಅಪ್ಪ ಸತ್ತ ಮೇಲೆ ಮನೆ ಒಡೆಯುವುದನ್ನು ನಾವು ದಿನಾ ಕಾಣುತ್ತೇವೆ. ಈ ಮನೆ ಒಡೆಯಲಿಲ್ಲ. 30 ವರ್ಷದ ಪುಟ್ಟರಾಜರು ಹೊಣೆ ಹೊತ್ತರು, 2010ರ ಸೆಪ್ಟೆಂಬರ್ 17ರಂದು ಕಣ್ಣು ಮುಚ್ಚುವವರೆಗೆ 66 ವರ್ಷ ನಡೆಸಿದರು. ಯಾರಿಗೂ ಬೇಡವೆಂದು ಕಂಡಿದ್ದ ಹುಡುಗ ಸಾವಿರಾರು ಹುಡುಗರಿಗೆ ಅಜ್ಜನಾದ. ಪದ್ಮಭೂಷಣವೂ ಬಂತು ಅನ್ನಿ. ಅದು ಆಮೇಲಿನ ಮಾತು.

ಇಷ್ಟೆಲ್ಲ ಮುಂಬಯಿಯ ನಮಗೆ ಯಾಕೆ ಅಂತೀರಾ? ನಮ್ಮ ಮಾಟುಂಗದಲ್ಲೇ ಶ್ರದ್ಧಾನಂದ ಮಹಿಳಾಶ್ರಮ ಇದೆ. 1927ರಲ್ಲಿ ಹುಟ್ಟಿದ ಸಂಸ್ಥೆ. ದಿಕ್ಕಿಲ್ಲದ ಹೆಂಗಸರಿಗೆ, ಮಕ್ಕಳಿಗೆ ನೆರಳು ಕೊಡುತ್ತ ಬಂದಿದೆ, ಮಕ್ಕಳನ್ನು ದತ್ತು ಕೊಡುವ ಕೆಲಸವನ್ನೂ ಮಾಡಿದೆ. ಕಾಯಿದೆಯೂ ಬಹಳ ಮುಂದೆ ಬಂದಿದೆ. 1956ರ ಹಿಂದೂ ದತ್ತಕ ಕಾಯಿದೆಯಲ್ಲಿ 15 ತುಂಬಿದವರನ್ನು, ಬೇರೆ ರೂಢಿಯಿದ್ದ ಹೊರತು, ದತ್ತು ತೆಗೆದುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆಯಲ್ಲಿ 18ರವರೆಗೆ ಅವಕಾಶ ಇದೆ, ಜಾತಿ ಮತದ ಅಡ್ಡಿ ಇಲ್ಲ; ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ಮನೆ ಹುಡುಕಲು ಪ್ರತ್ಯೇಕ ಏರ್ಪಾಡೇ ಇದೆ. ಆದರೆ ಮನಸ್ಸು? ಆರೋಗ್ಯವಾದ, ನೋಡಲು ಚೆಂದದ ಎಳೆಗೂಸಿಗಾಗಿ ದಂಪತಿಗಳು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದಾರೆ. ಅದೇ ಹೊತ್ತಿಗೆ ಏಳು ವರ್ಷದವನು, ಹತ್ತು ವರ್ಷದವಳು, ಕಣ್ಣಿಲ್ಲದವರು, ಕಾಲಿಲ್ಲದವರು, ಬುದ್ಧಿ ಮಂದವಿದ್ದವರು ಆಶ್ರಮಗಳಲ್ಲೇ ದೊಡ್ಡವರಾಗುತ್ತಿದ್ದಾರೆ. 18 ತುಂಬಿದ ಮೇಲೆ ಅವರು ಯಾರ ಮನೆಗೆ ಹೋಗಬೇಕು?

ಎಲ್ಲರೂ ಗವಾಯಿಗಳಾಗೋದಕ್ಕೆ ಆಗೋದಿಲ್ಲ, ನಿಜ. ಆಶ್ರಮ ಎಷ್ಟೇ ಒಳ್ಳೆಯದಿದ್ದರೂ ಅಪ್ಪ ಅಮ್ಮ ಇರುವ ಮನೆಗೆ ಸಮವಲ್ಲ ಅನ್ನುವುದೂ ನಿಜ. ಆದರೆ ದೊಡ್ಡ ಮಗು ನಮಗೆ ಹೊಂದಿಕೊಳ್ಳೋದಿಲ್ಲ, ಕುಂದಿರುವ ಮಗುವಿನಿಂದ ನಮಗೇನು ಉಪಯೋಗ ಅನ್ನುವವರು ಈ ಬಾಳನ್ನು ಒಮ್ಮೆ ನೆನೆಯಬೇಕು. ಪುಟ್ಟರಾಜರನ್ನು, ರಾಜಗುರುಗಳನ್ನು ಯಾರೂ ತೊಟ್ಟಿಲಿನಿಂದ ಎತ್ತಿಕೊಂಡು ಬರಲಿಲ್ಲ. ನಡೆದು ಬಂದ ಹುಡುಗರನ್ನೇ ಗವಾಯಿಗಳು ಮಕ್ಕಳೆಂದರು. ಆ ಹುಡುಗರು ಅವರನ್ನು ಅಪ್ಪನೆಂದು ಒಪ್ಪಿಕೊಂಡರು. ಅವರಿಗೆ ಮನೆ ಸಿಗುವುದಕ್ಕೆ ಅಷ್ಟು ಸಾಕಾಯಿತು.